ಚೌಕದ ಕೆಳಗಿನ ದುಂಡು

೧೯೫೧ರಲ್ಲಿ ಬಳ್ಳಾರಿ ಜಿಲ್ಲೆ ಇನ್ನೂ ಮದರಾಸು ರಾಜ್ಯದಲ್ಲಿತ್ತು. ಮದರಾಸಿನಲ್ಲಿ ಶಿಶುಶಿಕ್ಷಣದ ಟ್ರೈನಿಂಗ್ ಮುಗಿಸಿ ಬಂದ ನನ್ನನ್ನು ಕುರುಗೋಡಿನ ಬಾಲವಾಡಿಗೆ ಹಾಕಿದರು. ಶಾಲೆಗೆ ಸೇರುವ ವಯಸ್ಸಾಗದ, ಮೂರರಿಂದ ಐದು ವರ್ಷದ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಜಾಗ ಕೊಟ್ಟವರು ಊರಿನ ದೊಡ್ಡ ರೈತ ಪಂಪನಗೌಡರು. ತಮ್ಮ ಮನೆಯೆದುರಿನ ದನದ ಕೊಟ್ಟಿಗೆಯನ್ನು ಸುಣ್ಣ ಹೊಡೆಸಿ ಬಿಟ್ಟುಕೊಟ್ಟಿದ್ದರು. ಒಳ್ಳೆಯ ಮನುಷ್ಯರೇ, ಆದರೆ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ನನ್ನದೂ ಹಾಗೇ ಇದ್ದುದರಿಂದ ನಮ್ಮಿಬ್ಬರಿಗೂ ದಿನಾ ಒಂದಲ್ಲ ಒಂದು ಜಟಾಪಟಿ.

ಟ್ರೈನಿಂಗಿನಲ್ಲಿ ಕಲಿತ ಒಂದು ಪಾಠಕ್ಕೆ ಜಾಮಿಟ್ರಿ ಎಂಬ ಭಾರೀ ಹೆಸರಿತ್ತು. ಚಿಕ್ಕ ಮಕ್ಕಳ ಮಟ್ಟಿಗೆ ಅದು ಎರಡೇ ಸಂಗತಿ: ವಸ್ತುವಿನ ಆಕಾರ ಗುರುತಿಸುವುದು, ಅದು ಎಲ್ಲಿದೆಯೆಂದು ಹೇಳುವುದು. ಬಳ್ಳಾರಿಯ ಬಡಗಿಯೊಬ್ಬರಿಂದ ಬೇವಿನ ಹಲಗೆಯ ಬಿಲ್ಲೆಗಳನ್ನು ಮಾಡಿಸಿಕೊಂಡು ಬಂದಿದ್ದೆ. ಕೆಲವು ದುಂಡು, ಕೆಲವು ಚೌಕ, ಕೆಲವು ಮೂರು ಮೂಲೆಯವು. ಮಕ್ಕಳು ಅವನ್ನು ಜೋಡಿಸುತ್ತ ‘ಮ್ಯಾಲ, ಕೆಳಗ, ಮಗ್ಗಲಕ್ಕ’ ಎಂದು ಕೂಗುತ್ತಿದ್ದರು. ಆಮೇಲೆ ಓಣಿಯಲ್ಲಿ ಸುತ್ತಾಡಿಸಿ ಅದೇ ಆಕಾರಗಳನ್ನು ಹುಡುಕಿಸುತ್ತಿದ್ದೆ. ಒರಳು ದುಂಡು, ಕಿಟಕಿ ಚೌಕ. ಗೌಡರ ಹಿತ್ತಲ ಗೋಡೆಯಲ್ಲಿದ್ದ ದೀಪದ ಗೂಡು ಮಾತ್ರ ಮೂರು ಮೂಲೆ. ಊರಲ್ಲಿ ಅಂಥದ್ದು ಅದೊಂದೇ.

“ಏನ್ರಿ ಅಕ್ಕಾರ, ಹೊಲ ಅಳಿಯಾಕ ಕರಣಂ ಅದಾನ. ಈ ಕೂಸುಗಳಿಗೆ ದುಂಡು, ಚೌಕ ಕಲಿಸಿ ಏನು ಮಾಡ್ತೀರಿ?” ಎಂದು ಗೌಡರು ನಗುತ್ತಿದ್ದರು. ಟೀಚರಮ್ಮನನ್ನು ಆ ಕಡೆ ಅಕ್ಕಾರು, ಊರ ಶಾನುಭೋಗನನ್ನು ಕರಣಂ ಎನ್ನುತ್ತಾರೆ.

ಮಳೆಗಾಲ ಆಗಷ್ಟೇ ಶುರುವಾಗಿತ್ತು. ಒಂದು ಮಧ್ಯಾಹ್ನ ಮಕ್ಕಳನ್ನು ಮನೆಗೆ ಕಳಿಸಿ ಊಟಕ್ಕೆ ಕೂತಿದ್ದೆ. ಹೊರಗೆ ಹೆಂಗಸೊಬ್ಬಳ ಚೀರಾಟ ಕೇಳಿತು. ಕೂಲಿ ಮಾಡುವ ಶಾಂತವ್ವನ ಮಗ, ಮೂರು ವರ್ಷದ ಈರಣ್ಣ ಎಲ್ಲೂ ಕಾಣುತ್ತಿಲ್ಲ. ಹಳ್ಳಿಯಲ್ಲಿ ಕೂಸು ಕಾಣದಿದ್ದರೆ ಎಲ್ಲರ ಕಾಲೂ ಬಾವಿಗೇ ಓಡುತ್ತವೆ. ನಾನೂ ಓಡಿದೆ. ಆಗಲೇ ಗಂಡಸರು ಮುಳುಗಿ ಮುಳುಗಿ ಏಳುತ್ತಿದ್ದರು. ಶಾಂತವ್ವ ದಡದಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು.

ಆ ಗದ್ದಲದಲ್ಲಿ ಹುಲಿಗಿ ಎಂಬ ನಾಲ್ಕು ವರ್ಷದ ಹುಡುಗಿ ತನ್ನ ತಾಯಿಯ ಸೆರಗು ಜಗ್ಗುತ್ತಿದ್ದಳು. ನಮ್ಮ ಬಾಲವಾಡಿಯವಳೇ, ಈರಣ್ಣನ ಜೊತೆಗಾತಿ. “ಯವ್ವಾ, ಈರ್‍ಯಾ ದುಂಡಂದ್ರಾಗ ಅದಾನ” ಎಂದು ಒಂದೇ ಸಮನೆ ಹೇಳುತ್ತಿದ್ದಳು. ದುಂಡಗಿನದು ಎಂದರೆ ಬಾವಿಯೇ ಎಂದುಕೊಂಡ ಹೆಂಗಸರು ಇನ್ನೂ ಜೋರಾಗಿ ಅತ್ತರು. “ಬಾಯಿ ಮುಚ್ಚಲೇ” ಎಂದು ತಾಯಿ ಅವಳ ಕಪಾಳಕ್ಕೆ ಬಿಟ್ಟಳು.

ನಾನು ಬಾವಿಯನ್ನು ನೋಡಿದೆ. ಅದು ನಾಲ್ಕೂ ಕಡೆ ಮೆಟ್ಟಿಲಿದ್ದ ಕಲ್ಲುಬಾವಿ. ಅಪ್ಪಟ ಚೌಕ. ಹಿಂದಿನ ವಾರವಷ್ಟೇ ಇದೇ ಹುಡುಗಿ ಅದರ ದಡದಲ್ಲಿ ನಿಂತು “ಚೌಕ!” ಎಂದು ಕೂಗಿದ್ದಳು. ಹಾಗಾದರೆ ಅವಳು ಹೇಳುತ್ತಿರುವ ದುಂಡು ಈ ಬಾವಿಯಲ್ಲ.

ಅವಳನ್ನು ಎತ್ತಿಕೊಂಡು ಬಾಲವಾಡಿಗೆ ಓಡಿದೆ. ಬಿಕ್ಕುತ್ತಿದ್ದ ಮಗುವಿನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಬಿಲ್ಲೆಗಳನ್ನು ಮುಂದೆ ಸುರಿದು, “ಈರಣ್ಣ ಎಲ್ಲಿ ಅದಾನವ್ವ, ತೋರಿಸು” ಎಂದೆ. ದುಂಡು ಬಿಲ್ಲೆ ಆರಿಸಿ ನೆಲದ ಮೇಲಿಟ್ಟಳು. ಅದರ ಮೇಲೆ ಚೌಕ ಇಟ್ಟು ಮುಚ್ಚಿದಳು. “ಮಗ್ಗಲಕ್ಕ ಏನೈತಿ?” ಎಂದೆ. ಮೂರು ಮೂಲೆಯ ಬಿಲ್ಲೆಯನ್ನು ಪಕ್ಕಕ್ಕೆ ತಂದಿಟ್ಟಳು.

ಗೌಡರ ಹಿತ್ತಲಲ್ಲಿ ದೀಪದ ಗೂಡಿನ ಪಕ್ಕದ ಹಗೇವು! ಹಗೇವೆಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ದುಂಡಗೆ, ಒಳಗೆ ಹೂಜಿಯ ಹಾಗೆ ಅಗಲ. ಮೇಲೆ ಚೌಕದ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಾರೆ. ಒಳಗಿನ ಗಾಳಿ ಕೆಟ್ಟು ವಿಷವಾಗುವುದರಿಂದ ತೆರೆದ ಮೇಲೆ ಒಂದು ದಿನ ಹಾಗೇ ಬಿಟ್ಟು, ದೀಪ ಇಳಿಸಿ ನೋಡಿಯೇ ಇಳಿಯುವುದು ರೂಢಿ. ಗೌಡರು ಬಿತ್ತನೆಗೆಂದು ಹಿಂದಿನ ದಿನ ಅದನ್ನು ತೆರೆಸಿದ್ದರು. ಮುಚ್ಚುವ ಮೊದಲು ಬಾಯಿಗೆ ಬಗ್ಗಿ ಕೂಗಿ ನೋಡುವುದೂ ರೂಢಿಯೇ. ಅಂದು ಮೋಡ ಕವಿಯಿತೆಂದು ಆಳು ಗಡಿಬಿಡಿಯಲ್ಲಿ ಕೂಗಿ ನೋಡದೆಯೇ ಚಪ್ಪಡಿ ಎಳೆದುಬಿಟ್ಟಿದ್ದ. ಅದಕ್ಕೂ ಮೊದಲು ಈರಣ್ಣ ಆಡುತ್ತ ಒಳಗೆ ಬಿದ್ದದ್ದನ್ನು ಹುಲಿಗಿಯೊಬ್ಬಳೇ ಕಂಡಿರಬೇಕು.

ಗೌಡರು ಅಂಗಳದಲ್ಲೇ ಸಿಕ್ಕರು, ನಡೆದದ್ದು ಹೇಳಿದೆ. ಹನಿ ಬೀಳತೊಡಗಿತ್ತು.

“ಹುಡುಗಿ ಬಿಲ್ಲಿ ಇಟ್ಟಳಂತ ಹಗೇವು ತೆಗಿಬೇಕೇನ್ರಿ? ಬೀಜದ ಜ್ವಾಳ ಐತಿ. ನೀರು ಬಿದ್ರ ಎಲ್ಲಾ ಹೋತು.”

“ಜ್ವಾಳ ಹೋದ್ರ ಕಡ ತರಬೌದು ಗೌಡ್ರ. ಶಾಂತವ್ವ ಆ ಕೂಸನ್ನ ಎಲ್ಲಿಂದ ತರಬೇಕು?”

ಉತ್ತರಕ್ಕೆ ಕಾಯದೆ ಹಿತ್ತಲಿಗೆ ಹೋಗಿ ಕೈಯಿಂದಲೇ ಹಸಿಮಣ್ಣು ಕೆದರತೊಡಗಿದೆ. ಗೌಡರು ಹಿಂದೆಯೇ ಬಂದರು. ಆಮೇಲೆ ತಾವೇ ಹಾರೆ ತಂದು ಚಪ್ಪಡಿ ಮೀಟಿದರು.

ಒಳಗೆ ಕತ್ತಲು. ಕೂಗಿದರೆ ಸದ್ದಿಲ್ಲ. ಇಳಿಸಿದ ದೀಪ ಮಂಕಾಗಿ ಆರಿಹೋಯಿತು. ಅಲ್ಲಿಗೆ ಓಡಿಬಂದ ಶಾಂತವ್ವ ತಾನೇ ಧುಮುಕಲು ಹೋದಳು, ಇಬ್ಬರು ಹಿಡಿದುಕೊಂಡೆವು. ಗೌಡರು ಹೆಗಲ ಕಂಬಳಿಗೆ ಹಗ್ಗ ಕಟ್ಟಿ ಹಗೇವಿನೊಳಗೆ ಬಿಟ್ಟು, ಮೇಲಕ್ಕೂ ಕೆಳಕ್ಕೂ ಜಗ್ಗಿ ಜಗ್ಗಿ ಗಾಳಿಯಾಡಿಸಿದರು. ಎರಡನೆಯ ಸಲ ದೀಪ ನಡುಗಿತು, ಆದರೆ ಉರಿಯಿತು. ಚಪ್ಪಡಿ ಎಳೆದಿದ್ದ ಆಳು ನಡುವಿಗೆ ಹಗ್ಗ ಬಿಗಿದುಕೊಂಡು ಇಳಿದ.

“ಸಿಕ್ಕಾನ್ರೀ!”

ಜೀವಂತ ಎಂದು ಅವನು ಹೇಳಲಿಲ್ಲ. ಮೇಲೆ ಬಂದ ಕೂಸಿನ ತಲೆತುಂಬ ಜೋಳ, ಕೈಕಾಲು ಜೋತುಬಿದ್ದಿದ್ದವು. ಶಾಂತವ್ವ ಕಸಿದುಕೊಂಡು ಮಳೆಯಲ್ಲೇ ಕೂತಳು. ಹನಿಗಳು ಮುಖದ ಮೇಲೆ ಬೀಳುತ್ತ ಬೀಳುತ್ತ ಈರಣ್ಣ ಕೆಮ್ಮಿದ. ಆಮೇಲೆ ಊರು ಹಾರಿಹೋಗುವಂತೆ ಅತ್ತ. ಆ ಅಳುವಿನಷ್ಟು ಹಿತವಾದ ಸದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಹಗೇವು ಮುಚ್ಚುವುದು ಗೌಡರಿಗೂ ಮರೆತುಹೋಗಿತ್ತು.

ಮುಂದೆ ಸಿರುಗುಪ್ಪದಲ್ಲಿ, ಬಳ್ಳಾರಿಯಲ್ಲಿ ಇದೇ ಕೆಲಸ ಮಾಡಿದೆ. ಹೊಸ ಟೀಚರುಗಳು “ಇಷ್ಟು ಚಿಕ್ಕವರಿಗೆ ಇದೆಲ್ಲ ಅರ್ಥವಾಗುತ್ತದೆಯೇ?” ಎಂದು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಹುಲಿಗಿ ಸರಿಯಾದ ಉತ್ತರವನ್ನು ಮೊದಲ ಸಲವೇ, ಊರೆಲ್ಲ ಸೇರಿದ್ದ ಕಡೆ, ಬಾಯಿಬಿಟ್ಟು ಹೇಳಿದ್ದಳು. ಅರ್ಥವಾಗದೆ ಇದ್ದದ್ದು ನಮಗೆ. ಮಗುವಿಗೆ ಹೇಳಲು ಕಲಿಸಿದರೆ ಟೀಚರಳ ಅರ್ಧ ಕೆಲಸ ಮುಗಿಯಿತು. ಅದು ತೋರಿಸಿದ ಕಡೆಗೆ ಎದ್ದು ಹೋಗಿ ನೋಡುವುದು ಉಳಿದರ್ಧ.