ಗಟ್ಟಿ ಮನಸ್ಸಿನವರು

ದಿನಾ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋಗಿ, ಹೆರಾಯಿನ್ ಆಸೆ ಅಡಗಿಸುವ ಮೆಥಡೋನ್ ಔಷಧವನ್ನು ನರ್ಸಿನ ಕಣ್ಣೆದುರೇ ಕುಡಿದು, ಅಲ್ಲಿಂದ ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಸೂಜಿ ಮುಟ್ಟಿ ವರ್ಷಗಳೇ ಆಗಿದ್ದವು. ಆದರೆ ನಮ್ಮ ಮನೆಯಲ್ಲಿ ಇದನ್ನು ವಾಸಿಯಾಗುವುದು ಅನ್ನುವುದಿಲ್ಲ, ಒಂದು ಚಟ ಬಿಟ್ಟು ಇನ್ನೊಂದು ಹಿಡಿಯುವುದು ಅನ್ನುತ್ತಾರೆ.

ವಾಸಿಯಾದವರು ಎಂದರೆ ಅಕ್ಕನ ಗಂಡ. ಪ್ರತಿ ಚಳಿಗಾಲ ಅಯ್ಯಪ್ಪನ ಮಾಲೆ ಹಾಕಿಕೊಳ್ಳುತ್ತಿದ್ದರು. ಅದು ಕೊರಳಲ್ಲಿ ಇರುವಷ್ಟು ದಿನ ಬಾಟಲಿ ಮುಟ್ಟುತ್ತಿರಲಿಲ್ಲ. ಆಗ ಮನೆಮಂದಿಯೆಲ್ಲ ಅವರನ್ನು ಸ್ವಾಮಿ ಎಂದು ಕರೆದು ಕಾಲಿಗೆ ಬೀಳುತ್ತಿದ್ದರು. ಆ ವರ್ಷ ನಾನೂ ಬಿದ್ದೆ.

"ಮನಸ್ಸು ಗಟ್ಟಿ ಇರಬೇಕು ನೋಡಪಾ. ಔಷಧ ಯಾಕ ಬೇಕು?" ಎಂದು ಹರಸಿದರು.

ಶಬರಿಮಲೆಯಿಂದ ಬಂದು ಮಾಲೆ ತೆಗೆದ ದಿನವೇ ಸಂಜೆ, ಆ ಗಟ್ಟಿ ಮನಸ್ಸು ನಾರಾಯಣಗೂಡದ ವೈನ್ ಶಾಪಿನ ಮುಂದೆ ಅಂಗಾತ ಮಲಗಿತ್ತು. ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದವನು ನಾನು.

ಅಕ್ಕ ಗಂಡನ ಚಪ್ಪಲಿ ಬಿಚ್ಚಿ, ತಲೆಯ ಕೆಳಗೆ ದಿಂಬು ಕೊಟ್ಟಳು. "ಪಾಪ, ಇಷ್ಟು ದಿನ ತಡಕೊಂಡಿದ್ರು," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅದಿರ್ಲಿ, ನೀ ಆ ಔಷಧ ಯಾವಾಗ ಬಿಡ್ತಿ?"