ಊಟ ಯಾರ ಮನೆಯದೋ ಮೊದಲ ಎಸೆತ ಅವರದು

ನಮ್ಮ ಬೇಸ್‌ಬಾಲ್ ತಂಡದಲ್ಲಿ ಭಾನುವಾರ ಬೆಳಿಗ್ಗೆ ಮೊದಲು ಚೆಂಡು ಎಸೆಯುವವರು ಯಾರು ಎಂಬುದು ತೋಳಿನ ಬಲದ ಮೇಲೆ ತೀರ್ಮಾನವಾಗುತ್ತಿರಲಿಲ್ಲ. ಅಂದಿನ ಊಟ ಯಾರ ಮನೆಯಲ್ಲಿ ಎಂಬುದರ ಮೇಲೆ ತೀರ್ಮಾನವಾಗುತ್ತಿತ್ತು. ಇದನ್ನು ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ಆ ತಂಡದ ಕ್ಯಾಪ್ಟನ್ ನಾನೇ ಆಗಿದ್ದೆ, ಪಟ್ಟಿ ಬರೆಯುವ ಪೆನ್ನು ನನ್ನ ಜೇಬಿನಲ್ಲೇ ಇರುತ್ತಿತ್ತು.

ಮಲೇಷ್ಯಾದ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನಲ್ಲಿ ಚಿಪ್ ತಯಾರಿಸುವ ಕಾರ್ಖಾನೆಗಳಿಗೆ ಬರವಿಲ್ಲ. ಅವುಗಳ ನಡುವೆ ಭಾನುವಾರದ ಬೇಸ್‌ಬಾಲ್ ಪಂದ್ಯಗಳು ನಡೆಯುತ್ತವೆ. ನಮ್ಮ ಕಾರ್ಖಾನೆಗೆ ಈ ಆಟ ತಂದವನು ಒಬ್ಬ ಅಮೆರಿಕನ್ ಮೇಲಧಿಕಾರಿ. ಬ್ಯಾಟು, ಗ್ಲೌಸು ಎಲ್ಲ ತರಿಸಿಕೊಟ್ಟು, ನಾವು ಆಡಿದ್ದನ್ನು ಎರಡು ಸಲ ನೋಡಿ, ವರ್ಗ ಮಾಡಿಸಿಕೊಂಡು ಹೋದ. ಕ್ರಿಕೆಟ್ ತಂಡದಲ್ಲಿ ಜಾಗ ಸಿಗದ ನಾವು ಕನ್ನಡಿಗರೆಲ್ಲ ಇಲ್ಲಿ ಬಂದು ತುಂಬಿಕೊಂಡೆವು. ಎಲ್ಲರಿಗೂ ನಲವತ್ತು ದಾಟಿತ್ತು, ಹೊಟ್ಟೆ ಬೆಲ್ಟಿನ ಮೇಲೆ ಕೂತಿತ್ತು, ಆದರೆ ಶಾಲೆಯಲ್ಲಿ ತಾನು ಎಂಥ ಬೌಲರ್ ಆಗಿದ್ದೆ ಎಂಬ ಕಥೆ ಒಬ್ಬೊಬ್ಬರ ಬಳಿಯೂ ಇತ್ತು.

ಬೇಸ್‌ಬಾಲ್‌ನಲ್ಲಿ ಪಂದ್ಯ ಶುರುಮಾಡುವ ಎಸೆತಗಾರನಿಗೆ ಭಾರೀ ಮರ್ಯಾದೆ. ಸೋಲು ಗೆಲುವು ಅರ್ಧ ಅವನ ಕೈಯಲ್ಲೇ ಇರುತ್ತದೆ. ಪ್ಲಾನಿಂಗ್ ವಿಭಾಗದ ಮ್ಯಾನೇಜರ್, ಬಸವನಗುಡಿಯವರು, ಎಲ್ಲೋ ಓದಿಕೊಂಡು ಬಂದು ಒಂದು ಸೋಮವಾರ ಕ್ಯಾಂಟೀನಿನಲ್ಲಿ ಘೋಷಿಸಿದರು.

"ದೊಡ್ಡ ಟೀಮ್‌ಗಳಲ್ಲಿ ಐದು ಜನ ಸ್ಟಾರ್ಟರ್ಸ್ ಇರ್ತಾರೆ ಸಾರ್. ರೊಟೇಶನ್ ಪ್ರಕಾರ ಒಬ್ಬೊಬ್ಬರೇ ಬರ್ತಾರೆ. ಒಂದ್ಸಲ ಹಾಕಿದ್ಮೇಲೆ ತೋಳಿಗೆ ನಾಲ್ಕು ದಿನ ರೆಸ್ಟ್ ಬೇಕೇ ಬೇಕು. ಇದು ಸೈನ್ಸ್."

ಆ ದೊಡ್ಡ ತಂಡಗಳು ಹೆಚ್ಚುಕಡಿಮೆ ದಿನಾ ಆಡುತ್ತವೆ. ನಾವು ಆಡುತ್ತಿದ್ದದ್ದು ವಾರಕ್ಕೊಂದು ಪಂದ್ಯ. ಒಬ್ಬನೇ ಪ್ರತಿ ವಾರ ಎಸೆದರೂ ಅವನ ತೋಳಿಗೆ ಆರು ದಿನದ ವಿಶ್ರಾಂತಿ ತಾನಾಗಿಯೇ ಸಿಗುತ್ತಿತ್ತು. ಇಷ್ಟು ಸಣ್ಣ ವಿಷಯ ಅಲ್ಲಿದ್ದ ಎಂಜಿನಿಯರುಗಳಲ್ಲಿ ಒಬ್ಬನಿಗೂ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು, ಆದರೆ ಐದು ಜನ ಬೇಕು ಎಂದರೆ ಅದರಲ್ಲಿ ತಾನೂ ಒಬ್ಬ ಎಂಬುದು ಅದಕ್ಕಿಂತ ಮೊದಲೇ ಹೊಳೆದಿತ್ತು. ಎಲ್ಲರೂ ವಿಜ್ಞಾನಕ್ಕೆ ತಲೆಬಾಗಿದೆವು.

ಆ ಐದು ಜನ ಯಾರು ಎಂಬುದಕ್ಕೆ ಜಗಳವೂ ಆಗಲಿಲ್ಲ. ಪಂದ್ಯ ಮುಗಿದ ಮೇಲೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಇಡೀ ತಂಡಕ್ಕೆ ಊಟವಾಗುವ ಪದ್ಧತಿ ಆಗಲೇ ಇತ್ತು. ಹೀಗೆ ಊಟ ಹಾಕುವ ಸಂಸಾರಗಳು ಐದು. ಊಟ ಹಾಕುವವನಿಗೇ ಅಂದಿನ ಮೊದಲ ಎಸೆತ ಎಂದು ಮಾಡಿದರೆ ಯಾರಿಗೂ ಅಸಮಾಧಾನವಿಲ್ಲ ಎಂದು ಬಸವನಗುಡಿಯವರೇ ಸೂಚಿಸಿದರು. ಬೆಳಿಗ್ಗೆ ಐದಕ್ಕೆ ಎದ್ದು ಬಿಸಿಬೇಳೆಬಾತ್ ಮಾಡುತ್ತಿದ್ದವಳು ಹೆಂಡತಿ, ಮೈದಾನದ ನಡುವಿನ ದಿಬ್ಬದ ಮೇಲೆ ಎದೆಯುಬ್ಬಿಸಿ ನಿಲ್ಲುತ್ತಿದ್ದವನು ಗಂಡ. ಮನೆಯ ಸತ್ಯನಾರಾಯಣ ಪೂಜೆಗೆ ಯಜಮಾನ ಪಂಚೆ ಉಟ್ಟು ಕೂತ ಹಾಗೆ ಇರುತ್ತಿತ್ತು ನಮ್ಮ ಠೀವಿ.

ಇನ್ನು ಎಸೆತದ ಚಂದ ಹೇಳಬೇಕು. ನಾವೆಲ್ಲ ಮೊಣಕೈ ಮಡಚಿ ಎಸೆಯುವುದು ಮಹಾಪಾಪ ಎಂದು ಡ್ರಿಲ್ ಮೇಷ್ಟರ ಕೈಯಲ್ಲಿ ಏಟು ತಿಂದು ಕಲಿತವರು. ಬೇಸ್‌ಬಾಲ್‌ನಲ್ಲಿ ಮೊಣಕೈ ಮಡಚದೆ ಗತಿಯಿಲ್ಲ. ಬಸವನಗುಡಿಯವರು ತೋಳನ್ನು ಬೀಸುಗೋಲಿನಂತೆ ನೆಟ್ಟಗೆ ತಿರುಗಿಸಿ ಬಿಡುತ್ತಿದ್ದ ಲೆಗ್ ಸ್ಪಿನ್ ನೇರವಾಗಿ ಬ್ಯಾಟುಗಾರನ ತೊಡೆಗೆ ಹೋಗಿ ಬೀಳುತ್ತಿತ್ತು. ನನ್ನ ಎಸೆತಕ್ಕೆ ನೆಲ ಮುಟ್ಟದೆ ಸಮಾಧಾನವೇ ಇರಲಿಲ್ಲ. ನಾಲ್ಕು ಎಸೆತ ಹೀಗೆ ತಪ್ಪಿದರೆ ಎದುರಾಳಿ ಬ್ಯಾಟು ಎತ್ತದೆಯೇ ಮೊದಲ ಬೇಸಿಗೆ ನಡೆದುಕೊಂಡು ಹೋಗಬಹುದು. ಹೀಗೆ ಬೇಸುಗಳನ್ನೆಲ್ಲ ಸುತ್ತಿ 'ಮನೆ' ಎನ್ನುವ ಹೊರಟ ಜಾಗಕ್ಕೇ ಮರಳಿದರೆ ಒಂದು ರನ್. ನನ್ನ ಸರದಿಯ ದಿನ ಎದುರಿನ ಜಪಾನಿ ಕಾರ್ಖಾನೆಯವರು ಒಬ್ಬರ ಹಿಂದೊಬ್ಬರು ಬೆಳಗಿನ ವಾಯುವಿಹಾರ ಮುಗಿಸಿ ಮನೆಗೆ ಹೋದರು. ಬ್ಯಾಟುಗಾರನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಚೆಂಡು ಹಿಡಿಯುತ್ತಿದ್ದವನು ಪೆನಾಂಗಿನವನೇ ಆದ ಚೀನೀ ಟೆಕ್ನಿಷಿಯನ್. ನನ್ನ ದಯೆಯಿಂದ ಅವನ ಮೊಣಕಾಲ ಕೆಳಗೆ ಜಾಗವಿದ್ದಷ್ಟೂ ನೀಲಿಗಟ್ಟಿತ್ತು.

ನಿಜವಾಗಿ ಎಸೆಯಬಲ್ಲವರು ನಮ್ಮಲ್ಲಿ ಒಬ್ಬರೇ ಇದ್ದರು, ವಿಜಯಪುರದವರು. ಎರಡು ವರ್ಷದ ಕೆಲಸಕ್ಕೆಂದು ನಮ್ಮ ಟೆಸ್ಟ್ ವಿಭಾಗಕ್ಕೆ ಬಂದಿದ್ದ ಎಂಜಿನಿಯರ್. ಸಂಸಾರ ಊರಿನಲ್ಲಿತ್ತು, ಇಲ್ಲಿ ಒಬ್ಬರೇ ಇದ್ದರು. ಅವರ ತೋಳು ಮೊಣಕೈಯಲ್ಲಿ ಮಡಚಿ ಬಿಚ್ಚಿಕೊಂಡಿತೆಂದರೆ ಚೆಂಡು ಕಾಣುತ್ತಿರಲಿಲ್ಲ, ಕ್ಯಾಚರ್‌ನ ಗ್ಲೌಸಿನಲ್ಲಿ ಸದ್ದು ಮಾತ್ರ ಕೇಳುತ್ತಿತ್ತು. ಮೊದಲು ಶುರುಮಾಡಿದ ಯಜಮಾನರು ಎಂಟೋ ಒಂಬತ್ತೋ ರನ್ ದಾನ ಮಾಡಿ ಸುಸ್ತಾದ ಮೇಲೆ ನಾವು ಅವರನ್ನು ಕರೆಯುತ್ತಿದ್ದೆವು. ಅವರು ಬಂದು ಉಳಿದ ಪಂದ್ಯವನ್ನು ಒಂದೂ ರನ್ ಕೊಡದೆ ಮುಗಿಸುತ್ತಿದ್ದರು. ಆಮೇಲೆ ನಮ್ಮ ಜೊತೆ ಬಂದು ಊಟ ಮಾಡಿ, "ಅಡಿಗಿ ಛಲೋ ಆಗೇತ್ರಿ" ಎಂದು ಹೇಳಿ ಹೋಗುತ್ತಿದ್ದರು.

ಕ್ಯಾಚರ್ ಒಂದು ದಿನ ಕಾಲಿಗೆ ಐಸ್ ಒತ್ತಿಕೊಂಡು ನನ್ನನ್ನು ಕೇಳಿದ. "ಬಾಸ್, ವೈ ನಾಟ್ ಹಿಮ್ ಫಸ್ಟ್ ಲಾ?"

ರೊಟೇಶನ್ ಎಂದೆ. ಅವನು ಐಸನ್ನು ಇನ್ನೊಂದು ಕಾಲಿಗೆ ಒತ್ತಿಕೊಂಡ. ನಿಜವಾದ ಉತ್ತರ ನನಗೆ ಗೊತ್ತಿತ್ತು. ವಿಜಯಪುರದವರು ಊಟ ಹಾಕುವವರ ಪಟ್ಟಿಯಲ್ಲಿ ಇರಲಿಲ್ಲ, ಯಾಕೆಂದರೆ ಅವರು ಮುಸಲ್ಮಾನರು. ಈ ಮಾತನ್ನು ನಮ್ಮಲ್ಲಿ ಯಾರೂ ಯಾವತ್ತೂ ಬಾಯಿಬಿಟ್ಟು ಆಡಿರಲಿಲ್ಲ. ನಾವು ಓದಿದವರು.

ತಮಾಷೆ ಏನೆಂದರೆ, ಪ್ರತಿ ಭಾನುವಾರ ಪಂದ್ಯಕ್ಕೆ ಮುಂಚೆ ನಮ್ಮ ತಿಂಡಿ ಮೈದಾನದ ಪಕ್ಕದ ಮಾಮಕ್ ಅಂಗಡಿಯಲ್ಲಿ. ಅದನ್ನು ನಡೆಸುತ್ತಿದ್ದವರು ತಮಿಳು ಮುಸಲ್ಮಾನರು. ಮೀನಿನ ಸಾರಿನಲ್ಲಿ ಮುಳುಗಿ ಎದ್ದ ಸೌಟೇ ನಮ್ಮ ಬೇಳೆಸಾರಿಗೂ ಬರುತ್ತಿತ್ತು. ಬಸವನಗುಡಿಯವರು ಅದರಲ್ಲಿ ನಮ್ಮ ಪರೋಟದಂಥ ರೊಟಿ ಚನಾಯ್ ಅದ್ದಿಕೊಂಡು, ಇನ್ನೊಂದು ತಾ ಎಂದು ತಮಿಳಿನಲ್ಲಿ ಕೂಗುತ್ತಿದ್ದರು. ಅಂಗಡಿಯ ಸೌಟಿಗೆ ಮಡಿ ಮೈಲಿಗೆ ಇಲ್ಲ, ಗೊತ್ತಿದ್ದವರ ಮನೆಯ ಸೌಟಿಗೆ ಮಾತ್ರ ಇದೆ ಎಂಬುದು ನಮ್ಮ ಅಲಿಖಿತ ಕಾನೂನು.

ಅದೇ ಅಂಗಡಿಯಲ್ಲಿ ಒಂದು ಬೆಳಿಗ್ಗೆ ನಾವಿಬ್ಬರೇ ಬೇಗ ಬಂದು ಕೂತಿದ್ದಾಗ ವಿಜಯಪುರದವರು ತಮ್ಮ ಕಥೆ ಹೇಳಿದರು. ಹದಿನೇಳನೆಯ ವಯಸ್ಸಿನಲ್ಲಿ ಜಿಲ್ಲಾ ಕ್ರಿಕೆಟ್ ತಂಡದ ಆಯ್ಕೆಗೆ ಹೋಗಿದ್ದರಂತೆ. ಮೊದಲ ಓವರಿನಲ್ಲೇ ಅಂಪೈರು, ಮೊಣಕೈ ಮಡಚುತ್ತೀಯ ಎಂದು ಮೂರು ಸಲ ನೋಬಾಲ್ ಕೂಗಿ, ಚೆಂಡು ಕಸಿದುಕೊಂಡು ಆಚೆ ಕಳಿಸಿದರಂತೆ.

"ಅವತ್ತ ನಮ್ಮ ಅಪ್ಪ ಡ್ಯೂಟಿಗೆ ರಜಾ ಹಾಕಿ ನೋಡಾಕ ಬಂದಿದ್ರು ಸರ. ಛತ್ರಿ ಮಡಚ್ಕೊಂಡು ಎದ್ದು ಹ್ವಾದ್ರು. ಮುಂದ ಆ ಮಾತ ಎತ್ತಲೇ ಇಲ್ಲ. ಒಂದ ಓವರ್ ಮುಗಸಾಕ ಬಿಡ್ಲಿಲ್ರಿ ನನಗ."

ಚಹಾ ಕಲಕಿದರು. ಆಮೇಲೆ ನೇರವಾಗಿ ಕೇಳಿದರು.

"ಒಂದ ಮ್ಯಾಚ್ ಮೊದಲಿಂದ ಹಾಕಬೇಕು ಅಂತ ಆಸೆ ಐತ್ರಿ. ಬೋರ್ಡಿನ ಮ್ಯಾಲೆ ಇನ್ನೂ ಸೊನ್ನಿ ಇರಬೇಕು, ಆವಾಗ. ಊಟ ಹಾಕಬೇಕಂದ್ರ ನಾನೂ ಹಾಕ್ತೀನ್ರಿ. ಮಾಂಸ ಬ್ಯಾಡ. ಊರಿಂದ ತಂದ ಜ್ವಾಳದ ಹಿಟ್ಟು ಐತಿ, ರೊಟ್ಟಿ ಬಡೀತೀನಿ, ಎಣ್ಣಿಗಾಯಿ ಮಾಡ್ತೀನಿ. ಬೇಕಂದ್ರ ಹೊಸಾ ಪಾತ್ರಿ ತರ್ತೀನ್ರಿ ಸರ."

ಹೊಸ ಪಾತ್ರೆ ಎಂದಾಗ ಕೈಯಲ್ಲಿದ್ದ ರೊಟಿ ಚನಾಯ್ ಚೂರನ್ನು ತಟ್ಟೆಗೆ ಇಟ್ಟೆ. ಆ ಮಾತನ್ನು ಅವರ ಬಾಯಿಂದ ಆಡಿಸಿದವರು ನಾವು. ಉಳಿದವರನ್ನು ಕೇಳುತ್ತೇನೆ ಎಂದು ಹೇಳಿ ಕೈ ತೊಳೆದುಕೊಂಡೆ.

ಅವರನ್ನು ಬಿಟ್ಟು ನಮಗೆ ಐದೇ ಜನಕ್ಕೆ ಒಂದು ವಾಟ್ಸಾಪ್ ಗ್ರೂಪ್ ಇತ್ತು. ಅಲ್ಲಿ ಕೇಳಿದೆ. ಆಮೇಲೆ ಕರುಣೆಯ ಪ್ರವಾಹವೇ ಹರಿಯಿತು. ಪಾಪ, ಒಬ್ಬರೇ ಇರೋದು, ಯಾಕೆ ಸುಮ್ಮನೆ ತೊಂದರೆ ಕೊಡೋದು ಎಂದರು ಒಬ್ಬರು. ಅವರ ಕಾಂಡೋದಲ್ಲಿ ಪಾರ್ಕಿಂಗ್ ಕಷ್ಟ ಎಂದರು ಇನ್ನೊಬ್ಬರು, ಅದೇ ಕಾಂಡೋದ ಒಂಬತ್ತನೇ ಮಹಡಿಯಲ್ಲಿ ಇರುವವರು. ಬಸವನಗುಡಿಯವರು ಶ್ರಾವಣ ಕಳೆಯಲಿ, ನಮ್ಮನೆಯವರಿಗೆ ವ್ರತ ಎಂದು ಬರೆದರು. ಶ್ರಾವಣ ಬರಲು ಇನ್ನೂ ಎರಡು ತಿಂಗಳಿತ್ತು. ನಾನೇನು ಕಡಿಮೆಯೇ? ನನ್ನ ಹೆಂಡತಿಗೆ ಹೊರಗಿನ ಊಟ ಆಗಿಬರುವುದಿಲ್ಲ ಎಂದು ಬರೆದೆ. ಆ ಹೊತ್ತಿಗೆ ಅವಳು ಗೆಳತಿಯರ ಜೊತೆ ರಸ್ತೆ ಬದಿಯಲ್ಲಿ ನಿಂತು ಬೆಲ್ಲದ ಪಾಕ ಸುರಿದ ಐಸಿನ ಬಟ್ಟಲನ್ನು ಖಾಲಿ ಮಾಡುತ್ತಿದ್ದ ಫೋಟೋ ನನ್ನ ಫೋನಿನಲ್ಲೇ ಇತ್ತು.

ವಿಜಯಪುರದವರಿಗೆ ಮರುದಿನ ಹೇಳಿದೆ. "ಏನಿಲ್ಲ, ಹೆಂಗಸರಿಗೆ ಸ್ವಲ್ಪ ಆಚಾರ ಜಾಸ್ತಿ. ನಮ್ಮ ಮನೆಯವಳೂ ನಂಗೆ ಆಗಿಬರಲ್ಲ ಅಂದ್ಲು. ಬೇಜಾರು ಮಾಡ್ಕೋಬೇಡಿ."

"ಇಲ್ರಿ ಸರ" ಎಂದರು ಅವರು. ಮತ್ತೆ ಆ ವಿಷಯ ಎತ್ತಲಿಲ್ಲ.

ಅಷ್ಟರಲ್ಲಿ, ಅವರ ತೋಳಿನ ಪುಣ್ಯದಿಂದ, ನಾವು ಕಾರ್ಖಾನೆಗಳ ಟೂರ್ನಿಯ ಸೆಮಿಫೈನಲ್ ತಲುಪಿದೆವು. ಅವರ ಎರಡು ವರ್ಷವೂ ಮುಗಿಯುತ್ತಿತ್ತು. ಸೆಮಿಫೈನಲ್ ಅವರ ಕೊನೆಯ ಭಾನುವಾರ, ಮುಂದಿನ ಶುಕ್ರವಾರ ವಿಮಾನ. ಅವರ ಬಿಡುಗಡೆಯ ಕಾಗದಗಳಿಗೆ ಸಹಿ ಹಾಕಿದವನು ನಾನೇ ಆದ್ದರಿಂದ ಇದು ನನಗೊಬ್ಬನಿಗೆ ಚೆನ್ನಾಗಿ ಗೊತ್ತಿತ್ತು. ಸರದಿ ನನ್ನದಾಗಿತ್ತು, ಊಟ ನಮ್ಮ ಮನೆಯಲ್ಲಿ. ಪಟ್ಟಿಯ ಮೊದಲ ಸಾಲಿನಲ್ಲಿ ನನ್ನ ಹೆಸರಿನ ಬದಲು ಅವರ ಹೆಸರು ಬರೆದಿದ್ದರೆ ಯಾರೂ ನನ್ನ ಕೈ ಹಿಡಿಯುತ್ತಿರಲಿಲ್ಲ. ಗ್ರೂಪಿನಲ್ಲಿ ನಾಲ್ಕು ಜನ ಗೊಣಗುತ್ತಿದ್ದರು, ಅಷ್ಟೇ. ಆದರೆ ಸೆಮಿಫೈನಲ್, ನನ್ನ ಮನೆಯವರೆಲ್ಲ ನೋಡಲು ಬರುವ ದಿನ, ದಿಬ್ಬದ ಮೇಲೆ ನಿಲ್ಲುವ ಆಸೆ ನನ್ನದೂ ಆಗಿತ್ತು. ನನ್ನ ಹೆಸರನ್ನೇ ಬರೆದೆ. ನಾಚಿಕೆಯಾಯಿತು, ಆದರೂ ಬರೆದೆ.

"ಅಪ್ಪಾ, ಪ್ಲೀಸ್ ಡೋಂಟ್" ಎಂದಳು ಮಗಳು ಕಾರಿನಲ್ಲಿ, ಎಸೆಯುವವನು ನಾನೇ ಎಂದು ತಿಳಿದಾಗ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮೊದಲ ಇನಿಂಗ್ಸಿನಲ್ಲೇ ಏಳು ರನ್ ಹೋಯಿತು. ಅದರಲ್ಲಿ ನಾಲ್ಕು ಬರೀ ನಡೆದುಕೊಂಡು ಬಂದದ್ದು. ಬೆವರಿಗೆ ಚೆಂಡು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಕ್ಯಾಚರ್ ಮುಖವಾಡ ಮೇಲೆತ್ತಿಕೊಂಡು ದಿಬ್ಬಕ್ಕೆ ಬಂದ. "ಎನಫ್ ಲಾ, ಬಾಸ್. ಕಾಲ್ ಹಿಮ್."

ನಾನು ಬೆಂಚಿನ ಕಡೆ ನಡೆದೆ. ವಿಜಯಪುರದವರು ಗ್ಲೌಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬನ್ನಿ ಎಂದೆ. ಅವರು ಏಳಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ.

"ಇವತ್ತ ಊಟ ನಿಮ್ಮ ಮನ್ಯಾಗ ಅಲ್ಲೇನ್ರಿ ಸರ" ಎಂದರು. "ಪೂರ್ತಿ ನೀವೇ ಹಾಕ್ರಿ."

ಬೆಂಚಿನಲ್ಲಿದ್ದವರೆಲ್ಲ ತಮ್ಮ ತಮ್ಮ ಶೂಲೇಸು ಕಟ್ಟಿಕೊಳ್ಳಲು ಬಗ್ಗಿದರು. ನಾನು ವಾಪಸ್ಸು ಹೋಗಿ ಎಸೆದೆ. ಹದಿನೈದು ರನ್ನಿನ ಅಂತರವಾದಾಗ ಅಂಪೈರ್ ನಿಯಮದಂತೆ ಕರುಣೆ ತೋರಿ ಪಂದ್ಯ ಮುಗಿಸಿದ. ಹೆಂಡತಿ, ಮಗಳು ಮೂರನೇ ಇನಿಂಗ್ಸಿಗೇ ಅಡುಗೆ ಬಿಸಿಮಾಡುವ ನೆಪದಲ್ಲಿ ಮನೆಗೆ ಹೋಗಿದ್ದರು.

ವಿಜಯಪುರದವರು ಊಟಕ್ಕೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆ, ಬರದಿದ್ದರೆ ಒಳ್ಳೆಯದು ಎಂದೂ ಅಂದುಕೊಂಡಿದ್ದೆ. ಬಂದರು. ಒಂದು ಕಟ್ಟು ರಂಬುತಾನ್ ಹಣ್ಣು ತಂದು ನನ್ನ ಹೆಂಡತಿಯ ಕೈಗೆ ಕೊಟ್ಟು, ಎಲ್ಲರ ಜೊತೆ ಕೂತು ವಾಂಗಿಬಾತ್ ಎರಡು ಸಲ ಹಾಕಿಸಿಕೊಂಡರು. ಬಸವನಗುಡಿಯವರು ಮೈದಾನದ ತೇವಾಂಶದ ಬಗ್ಗೆ ದೀರ್ಘವಾಗಿ ಮಾತಾಡಿದರು.

ತಟ್ಟೆ ಎತ್ತಿಕೊಂಡು ಏಳುವಾಗ ವಿಜಯಪುರದವರು ನನ್ನ ಹೆಂಡತಿಗೆ ಹೇಳಿದರು. "ಎರಡ ವರ್ಷ ನಿಮ್ಮ ಕೈಲೆ ಉಂಡೆ ಅಕ್ಕಾರ. ಒಮ್ಮೆ ನಿಮ್ಮನ್ನೂ ಕರೀಬೇಕು ಅಂತ ಭಾಳ ಇತ್ತು. ನಿಮಗ ಆಗಿಬರಂಗಿಲ್ಲ ಅಂತ ಸರ ಹೇಳಿದ್ರು. ಇರ್ಲಿ ಬಿಡ್ರಿ, ನಾ ಏನೂ ತಿಳ್ಕೊಂಡಿಲ್ಲ."

ಅವಳು ಸೌಟು ಹಿಡಿದು ನಿಂತಲ್ಲೇ ನಿಂತಳು. "ನಾನು ಯಾವಾಗ ಹಾಗಂದೆ? ನನ್ನನ್ನ ಯಾರೂ ಕೇಳೇ ಇಲ್ವಲ್ಲ."

ಪಕ್ಕದಲ್ಲಿ ಕೂತಿದ್ದ ಬಸವನಗುಡಿಯವರ ಹೆಂಡತಿ ಗಂಡನ ಕಡೆ ತಿರುಗಿದರು. ಒಂಬತ್ತನೇ ಮಹಡಿಯವರ ಹೆಂಡತಿಯೂ ತಿರುಗಿದರು. ಗಂಡಸರೆಲ್ಲ ತಟ್ಟೆಯಲ್ಲಿ ಉಳಿದಿದ್ದ ಕರಿಬೇವನ್ನು ಶ್ರದ್ಧೆಯಿಂದ ಆರಿಸತೊಡಗಿದೆವು.

"ಬರೋ ಭಾನುವಾರ ನಾವೇ ನಿಮ್ಮ ಮನೆಗೆ ಬರ್ತೀವಿ" ಎಂದಳು ನನ್ನ ಹೆಂಡತಿ. "ರೊಟ್ಟಿ ಮಾಡಿ ಹಾಕಿ."

ಅವರು ನಕ್ಕರು. "ಶುಕ್ರವಾರ ವಿಮಾನ ಐತ್ರಿ ಅಕ್ಕಾರ. ಪಾತ್ರಿ ಪಗಡಿ ಎಲ್ಲಾ ಕಟ್ಟಿಟ್ಟೀನಿ."

ಅವಳು ನನ್ನನ್ನು ನೋಡಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಎಲ್ಲರ ಎದುರಿಗೇ ಕೇಳಿದಳು.

"ಇವರದು ಇವತ್ತೇ ಕೊನೆ ಆಟ ಅಂತ ನಿಮಗೆ ಗೊತ್ತಿತ್ತಾ? ಮತ್ತೆ ಮೊದಲು ಇವರಿಗೆ ಯಾಕೆ ಕೊಡಲಿಲ್ಲ?"

"ಊಟ ನಮ್ಮ ಮನೇದಲ್ವಾ" ಎಂದೆ.

ಒಬ್ಬರೂ ನಗಲಿಲ್ಲ.