ಸುತ್ತು ಹಾಕಿದ ಹದಿನೇಳು

ನಮ್ಮ ಚಿಕ್ಕಮ್ಮ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿದು ಮುಗಿದ ಅಂಗಿ ಅವರ ಮೇಜಿಗೆ ಬರುತ್ತದೆ. ಅವರು ಕಾಲರಿನಿಂದ ಶುರುಮಾಡಿ ಭುಜ, ತೋಳು, ಗುಂಡಿ, ಕೆಳಗಿನ ಮಡಿಕೆ ಎಂದು ಕ್ರಮವಾಗಿ ಬೆರಳಾಡಿಸಿ ನೋಡುತ್ತಾರೆ. ತಪ್ಪು ಕಂಡರೆ ಬಾಣದ ಗುರುತಿನ ಚೀಟಿ ಅಂಟಿಸಿ ವಾಪಸು ಕಳಿಸುತ್ತಾರೆ. ಸರಿಯಿದ್ದರೆ ಒಳಗಿನ ಲೇಬಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಹದಿನೇಳು ಎಂದು ಬರೆದು ಸುತ್ತು ಹಾಕುತ್ತಾರೆ. ಹದಿನೇಳು ಅವರ ನಂಬರು. ‘ನಾನು ನೋಡಿದ್ದೇನೆ, ಏನಾದರೂ ಇದ್ದರೆ ನನ್ನನ್ನು ಕೇಳಿ’ ಎಂದು ಅದರ ಅರ್ಥ. ದಿನಕ್ಕೆ ಆರುನೂರು ಅಂಗಿಯಂತೆ ಹತ್ತೊಂಬತ್ತು ವರ್ಷ ಬರೆದಿದ್ದಾರೆ. ಅದೇ ಮೇಜಿನ ತುದಿಯಲ್ಲಿ ಕೂತು ನಾನು ದಾರದ ತುದಿಗಳನ್ನು ಕತ್ತರಿಸುತ್ತೇನೆ. ಆದ್ದರಿಂದ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ನಾನೇ ಕಂಡದ್ದು.

ಆ ನಂಬರು ಮನೆಯಲ್ಲೂ ಬಿಡುತ್ತಿರಲಿಲ್ಲ. ಸಾಮಾನಿನ ಚೀಟಿಯನ್ನು ಓದಿ ನೋಡಿದರೆ ಅದರ ಕೆಳಗೂ ಹದಿನೇಳು. ಬಸ್ಸು ಓಡಿಸುವ ಚಿಕ್ಕಪ್ಪ ಕತ್ತು ಬಗ್ಗಿಸಿ, ಅಂಗಿಗೆ ಲೇಬಲ್ ಇರುವ ಜಾಗವನ್ನು ತೋರಿಸುತ್ತಿದ್ದರು.

“ಮದುವೆಯಾಗಿ ಇಷ್ಟು ವರ್ಷ ಆಯ್ತು, ನನಗೆ ಮಾತ್ರ ಇನ್ನೂ ನಂಬರ್ ಹಾಕಿಲ್ಲ ನೋಡು.”

“ಇನ್ನೂ ನೋಡ್ತಾ ಇದೀನಿ. ಹೊಲಿಗೆ ಒಂದೊಂದು ಕಡೆ ಬಿಟ್ಟಿದೆ,” ಎನ್ನುತ್ತಿದ್ದರು ಚಿಕ್ಕಮ್ಮ.

ಅವರಿಗೆ ಡಿಗ್ರಿ ಇರಲಿಲ್ಲ. ಡಿಗ್ರಿ ಇದ್ದವರು ಅವರ ಮೇಲಿನ ಕುರ್ಚಿಗೆ ಬರುತ್ತಿದ್ದರು. ಬಂದು ಮೊದಲ ತಿಂಗಳು ಚಿಕ್ಕಮ್ಮನ ಹತ್ತಿರವೇ ಕೆಲಸ ಕಲಿಯುತ್ತಿದ್ದರು. ಹೀಗೆ ಮೂವರಿಗೆ ಕಲಿಸಿದ ಮೇಲೆ, ನಲವತ್ತೊಂದನೇ ವಯಸ್ಸಿನಲ್ಲಿ, ಯಾರಿಗೂ ಹೇಳದೆ ಸಂಜೆ ಕಾಲೇಜಿಗೆ ಸೇರಿದರು. ಹಗಲು ಅದು ಮಕ್ಕಳ ಶಾಲೆ. ಚಿಕ್ಕ ಬೆಂಚುಗಳಲ್ಲಿ ಮೊಣಕಾಲು ಅಡ್ಡ ತಿರುಗಿಸಿ ಕೂರಬೇಕು. ಅವರ ಬೆಂಚಿನಲ್ಲಿ ಆಸ್ಪತ್ರೆಯ ಲಿಫ್ಟ್ ನಡೆಸುವವರೊಬ್ಬರು ಕೂರುತ್ತಿದ್ದರು. “ದಿನಾ ಎಲ್ಲರನ್ನೂ ಮೇಲಕ್ಕೆ ಕಳಿಸ್ತೀನಿ ಅಕ್ಕ, ನಾನು ಮಾತ್ರ ಅಲ್ಲೇ ಇರ್ತೀನಿ. ಅದಕ್ಕೇ ಸೇರಿದೆ,” ಎಂದು ಮೊದಲ ದಿನವೇ ಹೇಳಿದ್ದರಂತೆ.

ಮೂರು ವರ್ಷ ಕಳೆಯಿತು. ಕೊನೆಯ ವರ್ಷದ ಕೊನೆಯ ಪರೀಕ್ಷೆ ಅರ್ಥಶಾಸ್ತ್ರದ್ದು. ಅದು ಮುಗಿಸಿ ಬಂದ ಸಂಜೆ ಚಿಕ್ಕಮ್ಮ ಎಷ್ಟು ಹಗುರಾಗಿದ್ದರೆಂದರೆ ಚಪ್ಪಲಿಯನ್ನು ಜೋಡಿಸಿಡುವುದನ್ನೂ ಮರೆತರು.

ಮರುದಿನ ಬೆಳಿಗ್ಗೆ ಎಂದಿನಂತೆ ಮೇಜಿಗೆ ಕೂತೆವು. ಮೊದಲ ಅಂಗಿ ಸರಿಯಿತ್ತು. ಲೇಬಲ್ ತಿರುಗಿಸಿ ಒಂದು ಬರೆದರು, ಏಳು ಬರೆದರು, ಸುತ್ತು ಅರ್ಧಕ್ಕೆ ಬಂತು. ಅಲ್ಲಿಗೆ ಕೈ ನಿಂತಿತು.

“ಹಾಕ್ಬಿಟ್ಟೆ,” ಎಂದರು.

“ಏನು ಚಿಕ್ಕಮ್ಮ?”

“ಎಲ್ಲಾ ಪುಟಕ್ಕೂ ಹಾಕ್ಬಿಟ್ಟೆ ಪುಟ್ಟಿ.”

ಆಗಿದ್ದು ಇಷ್ಟು. ಬೇರೆ ಪರೀಕ್ಷೆಗಳಲ್ಲಿ ಅವರಿಗೆ ಸಮಯ ಸಾಲುತ್ತಿರಲಿಲ್ಲ. ಈ ಸಲ ಇಪ್ಪತ್ತು ನಿಮಿಷ ಉಳಿದಿತ್ತು. ಬೇಡಿಕೆಯ ರೇಖೆ ಎಳೆಯಲು ತಂದ ಪೆನ್ಸಿಲು ಕೈಯಲ್ಲೇ ಇತ್ತು. ಮೊದಲ ಪುಟದಿಂದ ಓದುತ್ತಾ ಬಂದರು. ಸರಿಯಿದೆ ಎನಿಸಿದ ಪುಟದ ಕೆಳಗೆ ಕೈ ತಾನಾಗಿಯೇ ಹದಿನೇಳು ಬರೆದು ಸುತ್ತು ಹಾಕಿತ್ತು. ಉತ್ತರ ಪತ್ರಿಕೆಯ ಹಿಂಬದಿಯಲ್ಲಿ ಮೂರನೇ ನಿಯಮ ಹೀಗಿದೆ: ಒಳಗೆ ಯಾವುದೇ ಗುರುತು ಮಾಡಿದರೆ ಅದು ಪರೀಕ್ಷಾ ಅಕ್ರಮ, ಬರೆದ ಎಲ್ಲ ವಿಷಯಗಳೂ ರದ್ದು, ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಈ ನಿಯಮವನ್ನು ಪ್ರತಿ ಸಲ ಲಿಫ್ಟಿನವರಿಗೆ ಓದಿ ಹೇಳುತ್ತಿದ್ದವರು ಚಿಕ್ಕಮ್ಮನೇ.

ಪರೀಕ್ಷೆಯ ಭಯ ಏನೆಂದು ನನಗೆ ಗೊತ್ತು. ನಾನು ಶಾಲೆ ಬಿಟ್ಟದ್ದೇ ಅದಕ್ಕೆ. ಆದರೆ ನನ್ನದು ಪರೀಕ್ಷೆಗೆ ಮುಂಚಿನ ಭಯ, ಹೋಗದಿದ್ದರೆ ಮುಗಿಯಿತು. ಚಿಕ್ಕಮ್ಮನದು ಬರೆದು ಬಂದ ಮೇಲಿನದು. ಅದಕ್ಕೆ ಬಾಗಿಲೇ ಇರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಹಾಗೇ ಮುಚ್ಚುತ್ತಿದ್ದರು. ಅಂಚೆಯವರ ಸೈಕಲ್ ಗಂಟೆ ಕೇಳಿದರೆ ಒಳಗಿನ ಕೋಣೆಗೆ ಹೋಗಿ ನಿಲ್ಲುತ್ತಿದ್ದರು. ಆರನೇ ದಿನ, ಕಾಲರಿನ ಎರಡು ತುದಿ ಎತ್ತರ ತಗ್ಗಾಗಿದ್ದ ಅಂಗಿಯೊಂದು ಹದಿನೇಳು ಹಾಕಿಸಿಕೊಂಡು ಹೋಗಿ ವಾಪಸು ಬಂತು. ಸೂಪರ್‌ವೈಸರ್ ಬೈಯಲಿಲ್ಲ. ಅಂಗಿಯನ್ನು ಮೇಜಿನ ಮೇಲಿಟ್ಟು, “ಹುಷಾರಿಲ್ವಾ ಅಮ್ಮ?” ಎಂದಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆ ಲಿಫ್ಟಿನವರು ಮನೆಗೆ ಬಂದರು. ಎಲ್ಲ ಕೇಳಿ ನಕ್ಕರು.

“ಕುಂಬಳಕಾಯಿ ಕಳ್ಳ ಅಂತ ಯಾರೂ ಕೂಗಿಲ್ಲ. ನೀವ್ಯಾಕೆ ಅಕ್ಕ ಹೆಗಲು ಮುಟ್ಕೋತೀರಿ? ಸಾವಿರಾರು ಪೇಪರು. ಪೆನ್ಸಿಲಲ್ಲಿ ಮೂಲೆಲಿರೋದನ್ನ ಯಾರು ನೋಡ್ತಾರೆ?”

“ಯಾರು ನೋಡ್ತಾರೆ ಅಂದ್ಕೊಂಡೇ ಫ್ಯಾಕ್ಟರೀಲೂ ತಪ್ಪು ಹೊಲಿದಿರ್ತಾರೆ. ದಿನಕ್ಕೆ ಆರುನೂರು ನಾನು ನೋಡಲ್ವಾ? ನನ್ನಂಥೋಳು ಒಬ್ಬಳು ಅಲ್ಲೂ ಕೂತಿರ್ತಾಳೆ.”

ಲಿಫ್ಟಿನವರ ನಗು ನಿಂತಿತು. ಚಿಕ್ಕಮ್ಮ ಸೆರಗಿನ ಅಂಚನ್ನು ಉಗುರಿನಿಂದ ತೀಡಿದರು.

“ತಪ್ಪು ಹೊಲಿದೋರು ತಾವೇ ಬಂದು ಹೇಳಿದ್ರೆ ಬಿಚ್ಚಿ ಹೊಲೀರಿ ಅಂತೀನಿ. ನಾನೇ ಹಿಡಿದ್ರೆ ಬಾಣ ಅಂಟಿಸ್ತೀನಿ. ನಾನೇ ಹೋಗಿ ಹೇಳ್ತೀನಿ.”

“ಇರಲಾರದೆ ಇರುವೆ ಬಿಟ್ಕೊಂಡ ಹಾಗಾಗುತ್ತೆ ಕಣೇ,” ಎಂದರು ಚಿಕ್ಕಪ್ಪ. ಆದರೆ ಎದ್ದು ಹೋಗಿ ಬರೆಯಲು ಕಾಗದ ತಂದುಕೊಟ್ಟವರೂ ಅವರೇ.

ಶನಿವಾರ ಮಧ್ಯಾಹ್ನ ಚಿಕ್ಕಮ್ಮ ಅರ್ಜಿ ಹಿಡಿದು, ನನ್ನನ್ನು ಜೊತೆಗೆ ಕರೆದುಕೊಂಡು ವಿಶ್ವವಿದ್ಯಾಲಯಕ್ಕೆ ಹೋದರು. ಪರೀಕ್ಷಾ ವಿಭಾಗದ ಮೇಡಂ ಕಡತಗಳ ಹಿಂದೆ ಕೂತಿದ್ದರು. ಅರ್ಜಿಯನ್ನು ಓದಿ ಕನ್ನಡಕ ತೆಗೆದರು.

“ಇದನ್ನ ನಾನು ತಗೊಂಡ್ರೆ ಮೇಲಕ್ಕೆ ಕಳಿಸಲೇಬೇಕು. ವಿಚಾರಣೆ ಆಗುತ್ತೆ. ಅಭ್ಯಾಸಬಲದಿಂದ ಬರೆದೆ ಅಂತೀರಿ. ಎಲ್ಲರೂ ಏನೋ ಒಂದು ಅಂತಾರಮ್ಮ. ಅದು ಮೌಲ್ಯಮಾಪಕರಿಗೆ ಮಾಡಿದ ಸನ್ನೆ ಅಲ್ಲ ಅಂತ ಹೇಗೆ ನಂಬೋದು?”

ಮೇಡಂ ಅರ್ಜಿಯನ್ನು ಮೇಜಿನ ಮೇಲೆ ಇತ್ತ ತಳ್ಳಿದರು.

“ತಾರೀಖು ಹಾಕಿಲ್ಲ. ಇನ್ನೊಂದ್ಸಲ ಸರಿಯಾಗಿ ಓದಿ. ಕೊಡಬೇಕು ಅನಿಸಿದ್ರೆ ಕೊಡಿ. ಬೇಡ ಅಂದ್ರೆ ಮನೆಗೆ ತಗೊಂಡು ಹೋಗಿ, ನಾನು ನೋಡಿಲ್ಲ.”

ಮೇಜಿನ ಮೇಲಿದ್ದ ಪೆನ್ಸಿಲು ತೆಗೆದುಕೊಂಡು ಚಿಕ್ಕಮ್ಮ ತಾರೀಖು ಬರೆದರು. ಆಮೇಲೆ ಮೇಲಿನಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಬಂದರು. ಕೊನೆಯ ಸಾಲು ಮುಗಿಯಿತು. ಕೈ ಕೆಳಗಿನ ಮೂಲೆಗೆ ಹೋಯಿತು. ನಾನು ತಡೆಯಲು ಕೈ ಚಾಚುವಷ್ಟರಲ್ಲಿ ಮುಗಿದಿತ್ತು. ಒಂದು, ಏಳು, ಸುತ್ತು. ಅರ್ಜಿಯನ್ನು ತಿರುಗಿಸಿ ಮೇಡಂ ಕಡೆಗೆ ಇಟ್ಟರು.

ಮೇಡಂ ಅದನ್ನೇ ನೋಡಿದರು.

“ಇದೇನಮ್ಮ?”

ಚಿಕ್ಕಮ್ಮ ಬಗ್ಗಿ ನೋಡಿದರು. ಅಳಿಸುವುದಕ್ಕೆ ಹೆಬ್ಬೆರಳು ಚಾಚಿದರು.

“ಬೇಡ, ಬಿಡಿ,” ಎಂದು ಮೇಡಂ ಕಾಗದವನ್ನು ಎಳೆದುಕೊಂಡರು. “ಇದೊಂದೇ ನಿಮ್ಮ ಸಾಕ್ಷಿ.” ಆ ಹದಿನೇಳರ ಪಕ್ಕದಲ್ಲಿ, ತಮ್ಮ ಕಣ್ಣೆದುರೇ ಬರೆದದ್ದು ಎಂದು ಷರಾ ಬರೆದು ಸಹಿ ಹಾಕಿದರು.

ಅದಾಗಿ ಐದು ವಾರ ಏನೂ ಗೊತ್ತಾಗಲಿಲ್ಲ. ಕೊನೆಗೆ ಬಂದ ಲಕೋಟೆಯನ್ನು ಚಿಕ್ಕಪ್ಪ ಒಡೆದರು. ಅಕ್ರಮದ ಉದ್ದೇಶ ಕಂಡುಬಂದಿಲ್ಲ. ಆದರೂ ಗುರುತು ಗುರುತೇ. ಆದ್ದರಿಂದ ಆ ಒಂದು ಪತ್ರಿಕೆ ಮಾತ್ರ ರದ್ದು. ಆರು ತಿಂಗಳ ನಂತರ ಮತ್ತೆ ಬರೆಯಬಹುದು.

ಆ ಆರು ತಿಂಗಳು ಚಿಕ್ಕಮ್ಮನಿಗೆ ಅರ್ಥಶಾಸ್ತ್ರದ ಹೆದರಿಕೆ ಇರಲಿಲ್ಲ, ತಮ್ಮ ಬಲಗೈಯದ್ದೇ ಹೆದರಿಕೆ. ಪರೀಕ್ಷೆಯ ದಿನ ಗೇಟಿನ ಹೊರಗೆ ನಾನು ಕಾಯುತ್ತಿದ್ದೆ. ಅವಧಿ ಮುಗಿಯಲು ಇನ್ನೂ ಕಾಲು ಗಂಟೆ ಇರುವಾಗಲೇ ಹೊರಗೆ ಬಂದರು.

“ಓದಿ ನೋಡಲಿಲ್ಲ ಪುಟ್ಟಿ. ನೋಡಿದ್ರೆ ಕೈ ಹಾಕಿಬಿಡುತ್ತೆ ಅಂತ ಹಾಗೇ ಕೊಟ್ಟು ಬಂದೆ. ಇಷ್ಟು ವರ್ಷದಲ್ಲಿ ನೋಡದೆ ಬಿಟ್ಟಿದ್ದು ಇದೊಂದೇ ಪೀಸು.” ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಅವರಿಂದ ಆಗಲಿಲ್ಲ, ನಾನೇ ತೆಗೆದುಕೊಟ್ಟೆ.

ನಲವತ್ತೆರಡು ಅಂಕ ಬಂತು. ಪಾಸು.

ಪದವಿ ಪತ್ರ ಬಂದ ದಿನ ಚಿಕ್ಕಮ್ಮ ಅದನ್ನು ಮುಟ್ಟಲಿಲ್ಲ. “ನೀನು ಹಿಡ್ಕೋ,” ಎಂದು ನನ್ನ ಕೈಗೆ ಕೊಡಿಸಿ, ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬಗ್ಗಿ ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ವರ್ಷ ಓದಿದರು. ಮುದ್ರೆಯ ಅಂಚನ್ನೂ ನೋಡಿದರು.

“ಹೇಗಿದೆ?” ಎಂದರು ಚಿಕ್ಕಪ್ಪ.

“ಸರಿಯಿದೆ. ಬೇಗ ಒಳಗಿಡು ಪುಟ್ಟಿ,” ಎಂದರು. ನಾನು ಬೀರುವಿನ ಬಾಗಿಲು ಹಾಕುವ ತನಕ ಕೈ ಬಿಡಿಸಲಿಲ್ಲ.